ಸೀಟಿ ಊದುವವರ ಪರವಾಗಿ

ರಾಣೆಬೆನ್ನೂರಿನಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟುಕೊಂಡಿರುವ ಓದುಗರೊಬ್ಬರು ಬರೆದಿದ್ದಾರೆ: “ಮಗಳು ಪಿಯುಸಿ ಸೈನ್ಸ್ ಮುಗಿಸ್ಯಾಳ. ಹೈಸ್ಕೂಲಿನ್ಯಾಗ ಕಬಡ್ಡಿ ಆಡಿ ಜಿಲ್ಲಾ ಮಟ್ಟಕ್ಕ ಹೋಗಿದ್ಲು. ಈಗ ಆಟಗಾರರಿಗೆ ಕಸುವು ತುಂಬೋ ಸ್ಟ್ರೆಂತ್ ಕೋಚ್ ಆಗ್ತೀನಿ ಅಂತ ಹಟ ಹಿಡದಾಳ. ಫಿಜಿಯೋಥೆರಪಿ ಓದಸಬೇಕೋ, ಬಿ.ಎಸ್ಸಿ. ಮಾಡಸಬೇಕೋ ತಿಳೀವಲ್ದು. ಆಕಿ ಬಿ.ಪಿ.ಎಡ್. (ದೈಹಿಕ ಶಿಕ್ಷಣದ ಪದವಿ) ಅಂತಾಳ. ಅದನ್ನ ಮಾಡಿದ್ರ ಕಡೀಕ ಸಾಲ್ಯಾಗ ಸೀಟಿ ಊದಕೋತ ನಿಲ್ಲಬೇಕಲ್ರಿ?”

ಯಜಮಾನರೇ, ಫಿಜಿಯೋಥೆರಪಿ ಒಳ್ಳೆಯ ಓದು. ಮೂಳೆ, ಸ್ನಾಯು, ನರ ಎಲ್ಲ ಕೈವಶವಾಗುತ್ತವೆ, ಕೋಚ್ ಕೆಲಸ ಸಿಗದಿದ್ದರೂ ಹೊಟ್ಟೆಗೊಂದು ದಾರಿ ಇರುತ್ತದೆ. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರ ಕಾಲಿಗೆ ಬಲ ತರಲು ತೂಕವನ್ನು ಲೆಕ್ಕ ಹಾಕಿ ಏರಿಸುತ್ತ ಹೋಗುವ ಕ್ರಮವನ್ನು 1945ರಲ್ಲಿ ಪ್ರಕಟಿಸಿದ ಥಾಮಸ್ ಡಿಲೋರ್ಮ್ ಕೂಡ ವೈದ್ಯನೇ. ಅದನ್ನು ಒಪ್ಪಿಕೊಂಡೇ ನಿಮ್ಮ ಸೀಟಿಯ ಮಾತಿಗೆ ಬರುತ್ತೇನೆ. ಆ ಮಾತು ಎರಡು ದಿನದಿಂದ ನನ್ನನ್ನು ಚುಚ್ಚುತ್ತಿದೆ.

ನಾನು ಐದನೇ ಇಯತ್ತೆಯಲ್ಲಿದ್ದಾಗ ನಮ್ಮೂರ ಗರಡಿಗೆ ಹೋಗುತ್ತಿದ್ದೆ. ವಸ್ತಾದರಿಗೆ ಸಹಿ ಮಾಡುವಷ್ಟೇ ಅಕ್ಷರ ಬರುತ್ತಿತ್ತು. ಮೊದಲ ದಿನ ಕೆಮ್ಮಣ್ಣಿನಲ್ಲಿ ಕೋಲಿನಿಂದ ಎರಡು ಗೆರೆ ಎಳೆದು, ಹಿಮ್ಮಡ ಅವುಗಳ ಮೇಲಿಡು ಎಂದರು. ಬಸ್ಕಿ ಹೊಡೆಯುವಾಗ ನನ್ನ ಮೊಣಕಾಲು ಒಳಕ್ಕೆ ಬಾಗುತ್ತಿತ್ತು. ಅವರು ಬಯ್ಯಲಿಲ್ಲ. ಕುಕ್ಕರಗಾಲಲ್ಲಿ ಕೂತು, ಮೊಣಕಾಲಿನ ಹೊರಮಗ್ಗುಲಿಗೆ ಅಂಗೈ ಒಡ್ಡಿ, “ನನ್ನ ಕೈ ದಬ್ಬು ನೋಡೂಣು” ಎಂದರು. ಕೈ ದಬ್ಬುವ ಹುರುಪಿನಲ್ಲಿ ಕಾಲು ತಾನೇ ನೆಟ್ಟಗಾಯಿತು. ಹದಿನೈದು ದಿನ ಕಳೆಯುವುದರೊಳಗೆ ಆ ಕೈ ಬೇಕಾಗಲಿಲ್ಲ. ಪಕ್ಕದ ಹುಡುಗನದೂ ಅದೇ ತಪ್ಪು. ಅವನಿಗೆ ಮಾತ್ರ ವಾರವಿಡೀ ಕಂಬ ಹಿಡಿದು ಕೂತೇಳುವ ಪಾಠ. ಯಾರಿಗೆ ಯಾವುದು ಎಂದು ನೋಡುವ ಆ ಕಣ್ಣೇ ಈ ಕಸುಬಿನ ಬಂಡವಾಳ.

ಹೋದ ವರ್ಷ ಹುಬ್ಬಳ್ಳಿಯ ಒಂದು ಜಿಮ್ಮಿನಲ್ಲಿ ನನ್ನ ತಂಗಿಯ ಮಗ ಬೆನ್ನು ಬಿಲ್ಲು ಮಾಡಿಕೊಂಡು ನೆಲದಿಂದ ತೂಕ ಎತ್ತುತ್ತಿದ್ದ. ತರಬೇತುದಾರನ ಸರ್ಟಿಫಿಕೇಟು ಕಟ್ಟು ಹಾಕಿಸಿಕೊಂಡು ಗೋಡೆಯ ಮೇಲಿತ್ತು. ಆತ ಮೊಬೈಲಿನಿಂದ ಕಣ್ಣೆತ್ತದೆ “ಇನ್ನೊಂದ, ಇನ್ನೊಂದ” ಎನ್ನುತ್ತಿದ್ದ. ಹುಡುಗ ಮೂರು ವಾರ ಹಾಸಿಗೆ ಹಿಡಿದ.

ಕೋಚ್ ಎಂದರೆ ಮಾಸ್ತರ, ಯಜಮಾನರೇ. ಬಿ.ಪಿ.ಎಡ್.ನಲ್ಲಿ ಅಂಗರಚನೆ, ಶರೀರಕ್ರಿಯೆ, ಮೈಚಲನೆಯ ಲೆಕ್ಕ ಹೇಳುವ ಬಯೋಮೆಕ್ಯಾನಿಕ್ಸ್ ಇವೆ. ಅದರ ಜೊತೆಗೆ ಮಕ್ಕಳ ಮುಂದೆ ಮೈದಾನದಲ್ಲಿ ನಿಂತು ಪಾಠ ಮಾಡಲೇಬೇಕು. ಬಿಸಿಲಲ್ಲಿ ನಲವತ್ತು ಮಕ್ಕಳನ್ನು ಹಿಡಿದು ನಿಲ್ಲಿಸಿ ಒಬ್ಬೊಬ್ಬರ ತಪ್ಪು ಕಂಡುಹಿಡಿಯುವ ಅಭ್ಯಾಸವನ್ನು ಬೇರೆ ಯಾವ ಪದವಿ ಮಾಡಿಸುತ್ತದೆ?

1969ರಲ್ಲಿ ಅಮೆರಿಕದ ನೆಬ್ರಾಸ್ಕಾ ವಿಶ್ವವಿದ್ಯಾಲಯದಲ್ಲಿ ಬಾಯ್ಡ್ ಎಪ್ಲಿ ಎಂಬ ಪೋಲ್‌ವಾಲ್ಟ್ ಹುಡುಗ ಗಾಯ ಮಾಡಿಕೊಂಡು ತೂಕದ ಕೋಣೆ ಸೇರಿದ. ಅವನನ್ನು ನೋಡಿ ಅಮೆರಿಕನ್ ಫುಟ್‌ಬಾಲ್ ತಂಡದವರೂ ಅಲ್ಲಿಗೆ ಬರತೊಡಗಿದರು. ಮುಖ್ಯ ಕೋಚ್ ಬಾಬ್ ಡಿವೇನಿ ಅವನನ್ನೇ ನೇಮಿಸಿಕೊಂಡರು, ಒಬ್ಬ ಆಟಗಾರನ ಓಟ ನಿಧಾನವಾದರೂ ನಿನ್ನ ಕೆಲಸ ಹೋಯಿತು ಎಂಬ ಷರತ್ತಿನ ಮೇಲೆ. 1970, 1971 ಎರಡೂ ವರ್ಷ ಆ ತಂಡ ರಾಷ್ಟ್ರೀಯ ಚಾಂಪಿಯನ್ ಆಯಿತು. ಇದೇ ಎಪ್ಲಿ 1978ರಲ್ಲಿ ಕಟ್ಟಿದ, ಸ್ಟ್ರೆಂತ್ ಕೋಚ್‌ಗಳ ಸಂಸ್ಥೆಯಾದ ಎನ್‌ಎಸ್‌ಸಿಎ ಕೊಡುವ ಸಿಎಸ್‌ಸಿಎಸ್ ಎಂಬ ಪ್ರಮಾಣಪತ್ರದ ಪರೀಕ್ಷೆಗೆ ಈಗ ಈ ಕಸುಬಿನಲ್ಲಿ ಬಹಳ ಬೆಲೆ. ಅದಕ್ಕೆ ಇಷ್ಟು ದಿನ ಯಾವ ವಿಷಯದ ಪದವಿಯಾದರೂ ನಡೆಯುತ್ತಿತ್ತು. 2030ರಿಂದ ಮಾನ್ಯತೆ ಪಡೆದ ಕೋರ್ಸಿನ ಪದವಿಯೇ ಬೇಕು ಎಂದು ಸಂಸ್ಥೆ ಸಾರಿದೆ. ಮಗಳ ಕಣ್ಣು ಆ ಕಡೆ ಇದ್ದರೆ ಹೊರದೇಶದವರಿಗೆ ಇರುವ ನಿಯಮವನ್ನು ಈಗಲೇ ಓದಿಕೊಳ್ಳಲಿ.

ನನ್ನನ್ನು ಕೇಳಿದರೆ, ಜೀವಶಾಸ್ತ್ರ ಇಟ್ಟುಕೊಂಡು ಬಿ.ಎಸ್ಸಿ., ಆಮೇಲೆ ಎರಡು ವರ್ಷ ಬಿ.ಪಿ.ಎಡ್. ಪಿಯುಸಿ ಮುಗಿದ ಕೂಡಲೇ ದೈಹಿಕ ಶಿಕ್ಷಣವನ್ನೇ ಓದುವುದಾದರೆ ಗ್ವಾಲಿಯರ್ ಇದೆ. 1857ರ ಹೋರಾಟಕ್ಕೆ ನೂರು ತುಂಬಿದ ವರ್ಷ ರಾಣಿ ಲಕ್ಷ್ಮೀಬಾಯಿಯ ಹೆಸರಿನಲ್ಲಿ ತೆರೆದ ಸಂಸ್ಥೆ ಅದು. 1961ರಲ್ಲಿ ಶುರುವಾದ ಪಟಿಯಾಲಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಕೋಚಿಂಗ್ ಡಿಪ್ಲೊಮಾಕ್ಕೆ ಆಟದ ಸಾಧನೆಯನ್ನೂ ಕೇಳುತ್ತಾರೆ. ಆದ್ದರಿಂದ ಕಬಡ್ಡಿ ಬಿಡಿಸಬೇಡಿ.

ಇನ್ನು ಸೀಟಿ. ನಮ್ಮ ಸಾಲಿಗಳಲ್ಲಿ ಪಿ.ಟಿ. ಪೀರಿಯಡ್ ಎಂದರೆ ಗಣಿತದವರು ಕಸಿದುಕೊಳ್ಳುವ ಪೀರಿಯಡ್. ಪಿ.ಟಿ. ಮಾಸ್ತರ ಪ್ರಾರ್ಥನೆಗೆ ಸಾಲು ನಿಲ್ಲಿಸಬೇಕು, ಧ್ವಜದ ಹಗ್ಗ ಕಟ್ಟಬೇಕು, ಗದ್ದಲ ಮಾಡಿದವರಿಗೆ ಬಡಿಯಬೇಕು. ಆಟ ಕಲಿಸುವುದೊಂದನ್ನು ಯಾರೂ ಕೇಳುವುದಿಲ್ಲ. ಪರೀಕ್ಷೆ ಬಂತೆಂದರೆ ಮೈದಾನಕ್ಕೆ ಬೀಗ. ಹತ್ತನೇ ಇಯತ್ತೆ ಮುಗಿಸಿದ ಮಕ್ಕಳಿಗೆ ನೆಟ್ಟಗೆ ಕೂತೇಳಲು ಬರುವುದಿಲ್ಲ, ಆಮೇಲೆ ಅದನ್ನೇ ಜಿಮ್ಮಿನಲ್ಲಿ ಸಾವಿರಗಟ್ಟಲೆ ಫೀ ಕೊಟ್ಟು ಕಲಿಸುತ್ತೇವೆ. ಮಗಳು ಎಂಜಿನಿಯರ್ ಎಂದು ಮದುವೆ ಮನೆಯಲ್ಲಿ ಹೇಳಿಕೊಳ್ಳುವ ನಾವು ಪಿ.ಟಿ. ಟೀಚರ್ ಎನ್ನಲು ದನಿ ತಗ್ಗಿಸುತ್ತೇವೆ. ಇದು ನನಗೆ ಬಹಳ ನೋವಿನ ಸಂಗತಿ, ಮುಚ್ಚಿಡುವುದಿಲ್ಲ.

ಮಗಳು ಜಿಲ್ಲಾ ಮಟ್ಟಕ್ಕೆ ಹೋಗಿದ್ದಳು ಎಂದು ಹೆಮ್ಮೆಯಿಂದ ಬರೆದಿದ್ದೀರಿ. ಸಾಲಿ ಬಿಟ್ಟ ಮೇಲೆ ಅವಳನ್ನು ಮೈದಾನದಲ್ಲಿ ನಿಲ್ಲಿಸಿಕೊಂಡು ಆಡಿಸಿದವರೂ ಸೀಟಿ ಊದಿದವರೇ. ಅರ್ಜಿ ತುಂಬುವ ಮೊದಲು ಮಗಳನ್ನು ಕರೆದುಕೊಂಡು ಅವರ ಮನೆಗೆ ಒಮ್ಮೆ ಹೋಗಿ ಬನ್ನಿ. ಏನು ಹೇಳಿದರೆಂದು ನನಗೂ ಒಂದು ಸಾಲು ಬರೆಯಿರಿ.