ಓದುಗರ ಪ್ರಶ್ನೆ: ಒಳ್ಳೆಯ ಸ್ಟೇನ್‌ಲೆಸ್ ರಿವಾಲ್ವರ್ ಆರಿಸುವುದು ಹೇಗೆ?

ಪ್ರಶ್ನೆ: ನಾನು ಹ್ಯೂಸ್ಟನ್‌ನಲ್ಲಿದ್ದೇನೆ, ಗ್ರೀನ್ ಕಾರ್ಡ್ ಇದೆ. ರೇಂಜ್‌ನಲ್ಲಿ ಗುರಿ ಅಭ್ಯಾಸಕ್ಕೆ, ಮನೆಯಲ್ಲೂ ಇಟ್ಟುಕೊಳ್ಳಲು ಒಂದು ಸ್ಟೇನ್‌ಲೆಸ್ ರಿವಾಲ್ವರ್ ಬೇಕು. .357 ಮ್ಯಾಗ್ನಮ್ ಅಂತ ತೀರ್ಮಾನಿಸಿದ್ದೇನೆ. ಸ್ಮಿತ್ ಆ್ಯಂಡ್ ವೆಸನ್, ರೂಗರ್, ಕೋಲ್ಟ್, ಯಾವುದು ತಗೊಳ್ಳಲಿ? ಜತೆಗಿರುವ ತಮ್ಮ ಎಚ್‌1ಬಿ ವೀಸಾದಲ್ಲಿದ್ದಾನೆ, ಅವನೂ ಬಳಸಬಹುದಾ?

ಉತ್ತರ: ಮೊದಲು ತಮ್ಮನ ವಿಷಯ. ಎಚ್‌1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕು ಕೊಳ್ಳುವುದಿರಲಿ, ಇಟ್ಟುಕೊಳ್ಳುವುದೂ ಅಮೆರಿಕದ ಫೆಡರಲ್ ಕಾನೂನಿನಲ್ಲಿ ಅಪರಾಧ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್‌ನಂಥ ಕೆಲವೇ ವಿನಾಯಿತಿಗಳಿವೆ. ಅದಿಲ್ಲದೆ ಸುಮ್ನೆ "ಒಂದ್ಸಲ ಹೊಡೆದು ನೋಡು" ಅಂತ ಕೊಡಬೇಡಿ, ಅವನ ವೀಸಾಕ್ಕೇ ಕುತ್ತು ಬರಬಹುದು. ನಿಮಗೆ ಆ ಅಡ್ಡಿ ಇಲ್ಲ. 21 ವರ್ಷ ತುಂಬಿರಬೇಕು, ಅಂಗಡಿಯಲ್ಲಿ 4473 ಫಾರಂ ತುಂಬಬೇಕು, ಹಿನ್ನೆಲೆ ತಪಾಸಣೆ ಆಗುತ್ತದೆ.

.357 ಅನ್ನುವುದು ಗುಂಡಿನ ಅಳತೆ, ಒಳ್ಳೆಯ ಆಯ್ಕೆ. ಅದರಲ್ಲಿ .38 ಸ್ಪೆಷಲ್ ಗುಂಡನ್ನೂ ಹೊಡೆಯಬಹುದು. ಅದಕ್ಕೆ ಒದೆತ ಕಡಿಮೆ, ಅಭ್ಯಾಸಕ್ಕೆ ಅದೇ ಸಾಕು. ಆದರೆ .38 ರಿವಾಲ್ವರ್‌ಗೆ .357 ಹಾಕುವಂತಿಲ್ಲ.

ಸ್ಮಿತ್‌ನವರ 686, ರೂಗರ್‌ನ ಜಿಪಿ100 ಎರಡೂ 1980ರ ದಶಕದಿಂದ ಇರುವ ಮಾಡೆಲ್‌ಗಳು. ನಾಲ್ಕಿಂಚಿನ ಬ್ಯಾರೆಲ್‌ನದು ಸುಮಾರು 1.1 ಕೆ.ಜಿ. ತೂಗುತ್ತದೆ. ಭಾರ ಜಾಸ್ತಿ ಅನ್ನಿಸಬಹುದು, ಆದರೆ ಗುಂಡು ಹಾರಿದಾಗ ಒದೆತ ತಡೆಯುವುದೇ ಆ ಭಾರ. 686 ಹುಟ್ಟಿದ್ದೇ ಹಳೆಯ ಚಿಕ್ಕ ಫ್ರೇಮಿನ (ಚೌಕಟ್ಟಿನ) ಮಾಡೆಲ್‌ಗಳು ದಿನವೂ ಮ್ಯಾಗ್ನಮ್ ಹೊಡೆತ ತಾಳದೆ ಬ್ಯಾರೆಲ್‌ನ ಹಿಂತುದಿಯಲ್ಲಿ ಬಿರುಕು ಬಿಡುತ್ತಿದ್ದ ಕಾರಣಕ್ಕೆ. ರೂಗರ್ ಫ್ರೇಮ್ ಎರಕದ್ದು, ಹಾಗಾಗಿ ದುರ್ಬಲ ಅಂತ ಹೇಳುವವರಿದ್ದಾರೆ, ಕಿವಿಗೆ ಹಾಕಿಕೊಳ್ಳಬೇಡಿ. ಅದಕ್ಕೆ ತಕ್ಕಂತೆ ಲೋಹವನ್ನು ದಪ್ಪವಾಗಿಯೇ ಬಿಟ್ಟಿದ್ದಾರೆ, ಫ್ರೇಮನ್ನು ದುರ್ಬಲ ಮಾಡುವಂಥ, ಪಕ್ಕದಲ್ಲಿ ಬಿಚ್ಚಿ ತೆಗೆಯುವ ತಟ್ಟೆಯೂ ಇಲ್ಲ. ಟ್ರಿಗರ್ ನಯವಾಗಿರುವುದು ಸಾಮಾನ್ಯವಾಗಿ ಸ್ಮಿತ್‌ನಲ್ಲೇ. ಕೋಲ್ಟ್ ಪೈಥಾನ್ 2020ರಲ್ಲಿ ಸ್ಟೇನ್‌ಲೆಸ್‌ನಲ್ಲಿ ಮತ್ತೆ ಬಂತು, ಆಗಲೇ 1,499 ಡಾಲರ್. ಚೆಂದ ಇದೆ, ನಿಜ. ಮೊದಲ ರಿವಾಲ್ವರ್‌ಗೆ ಅಷ್ಟು ಸುರಿಯಬೇಕಿಲ್ಲ, ಆ ದುಡ್ಡಲ್ಲಿ ತುಂಬಾ ಗುಂಡು ಬರುತ್ತವೆ. ನನ್ನನ್ನು ಕೇಳಿದರೆ ಜಿಪಿ100.

ಆದರೆ ಹೆಸರಿಗಿಂತ ಮುಖ್ಯ ನಿಮ್ಮ ಕೈಗೆ ಬರುವ ಆ ಒಂದು ಪೀಸ್. ಒಂದೇ ಮಾಡೆಲ್‌ನ ಎರಡು ಒಂದೇ ಥರ ಇರಲ್ಲ. ಅಂಗಡಿಯವರ ಒಪ್ಪಿಗೆ ಕೇಳಿ. ಸಿಲಿಂಡರ್ (ಗುಂಡು ತುಂಬುವ, ತಿರುಗುವ ಉರುಳೆ) ತೆರೆದು ಎಲ್ಲ ಕೋಣೆ ಖಾಲಿಯಿದೆಯಾ ನೋಡಿ, ಆಮೇಲೆ ಮುಚ್ಚಿ. ಸುರಕ್ಷಿತ ದಿಕ್ಕಿಗೆ ತಿರುಗಿಸಿ ಹ್ಯಾಮರನ್ನು (ಹಿಂಬದಿಯ ಸುತ್ತಿಗೆ) ಹೆಬ್ಬೆರಳಿನಿಂದ ತೀರಾ ನಿಧಾನ ಹಿಂದಕ್ಕೆ ಎಳೆಯಿರಿ: ಹ್ಯಾಮರ್ ಪೂರ್ತಿ ನಿಲ್ಲುವ ಹೊತ್ತಿಗೆ ಸಿಲಿಂಡರ್ "ಟಿಕ್" ಅಂತ ಲಾಕ್ ಆಗಿರಬೇಕು, ಆರೂ ಕೋಣೆಗಳಲ್ಲೂ. ಒಂದರಲ್ಲಿ ತಡವಾದರೂ ಅದನ್ನು ಅಲ್ಲೇ ಬಿಡಿ. ಟ್ರಿಗರ್ ಒತ್ತಿ ಹಿಡಿದು ಸಿಲಿಂಡರ್ ಅಲುಗಾಡಿಸಿ, ಅಲುಗಾಟ ಇಲ್ಲವೆನ್ನುವಷ್ಟು ಕಡಿಮೆ ಇರಬೇಕು. ಸಿಲಿಂಡರ್‌ಗೂ ಬ್ಯಾರೆಲ್‌ಗೂ ನಡುವಿನ ಸಂದಿಯನ್ನು ಬೆಳಕಿಗೆ ಹಿಡಿದು ನೋಡಿ. 0.1ರಿಂದ 0.2 ಮಿ.ಮೀ. ಇದ್ದರೆ ಚೆನ್ನ, ಎರಡೂ ಅಂಚಲ್ಲಿ ಸಮ ಇರಲಿ. ಹಳೆಯದಾದರೆ ಬ್ಯಾರೆಲ್‌ನ ಹಿಂತುದಿಗೆ ಟಾರ್ಚ್ ಬಿಟ್ಟು ಬಿರುಕು ಹುಡುಕಿ.

ಬೆಳ್ಳಗಿದ್ದದ್ದೆಲ್ಲ ಸ್ಟೇನ್‌ಲೆಸ್ ಅಲ್ಲ. ಸ್ಮಿತ್ 642ರ ಫ್ರೇಮ್ ಅಲ್ಯೂಮಿನಿಯಂ. ಸ್ಟೇನ್‌ಲೆಸ್ ಕೂಡ ತುಕ್ಕು ಹಿಡಿಯುತ್ತದೆ, ನಿಧಾನವಾಗಿ ಅಷ್ಟೇ. ನಿಮ್ಮೂರಿನ ಸೆಕೆಗೆ ಬೆವರಿನ ಉಪ್ಪು ಹಿಡಿಕೆಯ ಕೆಳಗೆ, ಸ್ಕ್ರೂಗಳ ಸುತ್ತ ಸೇರುತ್ತದೆ. ಒರೆಸಿ, ತೆಳ್ಳಗೆ ಎಣ್ಣೆ ಹಚ್ಚಿ. ಸಿಲಿಂಡರ್ ಮುಂಭಾಗದ ಮೇಲೆ ಕಪ್ಪು ಉಂಗುರ ಕಂಡರೆ ಉಜ್ಜಿ ಉಜ್ಜಿ ಸವೆಸಬೇಡಿ, ಅದರಿಂದ ಏನೂ ಆಗಲ್ಲ. ಮನೆಯಲ್ಲಿ ಮಕ್ಕಳಿದ್ದರೆ ರಿವಾಲ್ವರ್ ಜತೆಗೇ ಸೇಫ್ ಕೊಳ್ಳಿ. 17ರೊಳಗಿನವರ ಕೈಗೆ ಗುಂಡು ತುಂಬಿದ ಬಂದೂಕು ಸಿಗುವಂತೆ ಬಿಡುವುದು ಟೆಕ್ಸಾಸ್‌ನಲ್ಲಿ ಅಪರಾಧ.

ಪ್ರಶ್ನೆ: ಸಕಲೇಶಪುರದ ಹತ್ತಿರ ಕಾಫಿ ತೋಟ ಇದೆ, ಲೈಸೆನ್ಸೂ ಇದೆ. ಅಮೆರಿಕದ ಭಾವ ಇಂಥದ್ದೊಂದು ತಂದುಕೊಡಬಹುದಾ?

ಉತ್ತರ: ಆ ಯೋಚನೆಯೇ ಬೇಡ ಸ್ವಾಮಿ. ಇಲ್ಲಿ ಲೈಸೆನ್ಸ್‌ದಾರರಿಗೆ ಕಾನ್ಪುರದ ಕಾರ್ಖಾನೆಗಳ .32 ರಿವಾಲ್ವರ್‌ಗಳಿವೆ. 2014ರ ನಿರ್ಭೀಕ್ ಟೈಟೇನಿಯಂ ಮಿಶ್ರಲೋಹದ್ದು, ಅರ್ಧ ಕೆ.ಜಿ. 2023ರ ಪ್ರಬಲ್ ಸುಮಾರು 700 ಗ್ರಾಂ, ಅದರ ಸಿಲಿಂಡರ್ ಪಕ್ಕಕ್ಕೆ ತೆರೆದುಕೊಳ್ಳುತ್ತದೆ. ನನಗೆ ಎರಡನೆಯದೇ ಮೇಲು ಅನ್ನಿಸುತ್ತದೆ. ಲೈಸೆನ್ಸ್‌ನಲ್ಲಿ ರಿವಾಲ್ವರ್ ಅಂತ ನಮೂದಾಗಿದೆಯಾ ನೋಡಿಕೊಳ್ಳಿ. ಒಬ್ಬರಿಗೆ ಎರಡಕ್ಕಿಂತ ಜಾಸ್ತಿ ಕೋವಿ ಇಲ್ಲ ಅಂತ 2019ರಲ್ಲೇ ಕಾನೂನು ತಿದ್ದುಪಡಿಯಾಗಿದೆ, ತೋಟದ ಹಳೇ ಕೋವಿಯೂ ಆ ಲೆಕ್ಕಕ್ಕೆ ಸೇರುತ್ತದೆ. ಮಳೆಗಾಲದಲ್ಲಿ ಚರ್ಮದ ಚೀಲದೊಳಗೆ ಇಡಲೇಬೇಡಿ, ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ.