ಕಾರ್ಖಾನೆಯ ರಿಸ್ಕ್ ಅಸೆಸ್‌ಮೆಂಟ್ ಪಟ್ಟಿಯಿಂದ ನಿಜವಾಗಿ ಯಾರ ಜೀವವಾದರೂ ಉಳಿಯುತ್ತದೆಯೇ?

ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಗಿಣಿಗೇರಾ ಬಳಿಯ ಸ್ಪಾಂಜ್ ಐರನ್ ಕಾರ್ಖಾನೆಯ ನಿರ್ವಹಣಾ ವಿಭಾಗದಲ್ಲಿದ್ದಿರಿ, ಈಗ ಸುರಕ್ಷತಾ ವಿಭಾಗಕ್ಕೆ ಹಾಕಿದ್ದಾರೆ, ಯಾವ ಕೆಲಸದಲ್ಲಿ ಯಾವ ಅಪಾಯ, ಅದಕ್ಕೆ ಏನು ತಡೆ ಎಂದು ಬರೆದಿಡುವ ಉದ್ದನೆಯ ರಿಸ್ಕ್ ಅಸೆಸ್‌ಮೆಂಟ್ ಪಟ್ಟಿಯೊಂದನ್ನು ಕೈಗೆ ಕೊಟ್ಟು ಆಡಿಟ್‌ನವರು ಬರುವುದರೊಳಗೆ ಸರಿಮಾಡಿ ಎಂದಿದ್ದಾರೆ ಎಂದು ಬರೆದಿದ್ದೀರಿ. ಈ ಪಟ್ಟಿಯಿಂದ ಉಪಯೋಗವಿದೆಯೇ, ಇಲ್ಲದಿದ್ದರೆ ಎಲ್ಲಿಂದ ಶುರು ಮಾಡಬೇಕು, ನೆಬೋಶ್ ಎಂಬ ಸುರಕ್ಷತಾ ಪರೀಕ್ಷೆ ಕಟ್ಟಬೇಕೇ ಎಂದು ಕೇಳಿದ್ದೀರಿ. ನಾನು ಬಳ್ಳಾರಿಯವನು. ಸಂಡೂರು, ಹೊಸಪೇಟೆ ಕಡೆಯ ಅದಿರು ಮತ್ತು ಉಕ್ಕಿನ ಘಟಕಗಳಲ್ಲಿ ಮೊದಲು ನಿರ್ವಹಣೆ, ಆಮೇಲೆ ಸುರಕ್ಷತೆ ನೋಡಿಕೊಂಡವನು. ನನಗೆ ತಿಳಿದದ್ದನ್ನು ಹೇಳುತ್ತೇನೆ.

ನಿಮ್ಮ ಪಟ್ಟಿಯಲ್ಲಿ ‘ಈಗಿರುವ ನಿಯಂತ್ರಣ ಕ್ರಮಗಳು’ ಎಂಬ ಕಾಲಂ ಇರುತ್ತದೆ. ಉಳಿದದ್ದೆಲ್ಲವನ್ನೂ ಪಕ್ಕಕ್ಕಿಟ್ಟು ಅದೊಂದನ್ನು ಹಿಡಿದುಕೊಳ್ಳಿ. ಅಲ್ಲಿ ಬರೆದಿರುವ ಪ್ರತಿಯೊಂದು ಕ್ರಮದ ಮುಂದೆಯೂ ಒಂದೇ ಪ್ರಶ್ನೆ ಹಾಕಿ: ಇದು ಕೆಲಸ ಮಾಡುವುದನ್ನು ಕೊನೆಯ ಬಾರಿ ಕಣ್ಣಾರೆ ಕಂಡವರು ಯಾರು, ಯಾವಾಗ? ಉತ್ತರ ಸಿಗದಿದ್ದರೆ ಆ ಕ್ರಮ ಇಲ್ಲವೆಂದೇ ಲೆಕ್ಕ ಹಾಕಿ.

ಇಷ್ಟು ಖಡಾಖಂಡಿತವಾಗಿ ಹೇಳಲು ಕಾರಣವಿದೆ. ಪಟ್ಟಿಯಲ್ಲಿ ಅಪಾಯದ ತೀವ್ರತೆಗೆ ಒಂದರಿಂದ ಐದು, ಸಂಭವಕ್ಕೆ ಒಂದರಿಂದ ಐದು ಅಂಕ ಕೊಟ್ಟು ಗುಣಿಸುತ್ತಾರೆ. ಐದು ನಾಲ್ಕಲ ಇಪ್ಪತ್ತು, ಕೆಂಪು ಬಣ್ಣ. ಪಕ್ಕದಲ್ಲಿ ‘ತರಬೇತಿ ನೀಡಲಾಗಿದೆ, ಹೆಲ್ಮೆಟ್ ಕೊಡಲಾಗಿದೆ, ಎಚ್ಚರಿಕೆ ಫಲಕ ಹಾಕಲಾಗಿದೆ’ ಎಂದು ಬರೆದರೆ ಅದೇ ಇಪ್ಪತ್ತು ಹತ್ತಕ್ಕೋ ಐದಕ್ಕೋ ಇಳಿದು ಹಳದಿಯೋ ಹಸಿರೋ ಆಗುತ್ತದೆ. ಬೆಲ್ಟು ಇದ್ದಲ್ಲೇ ಇದೆ, ಅದಿರು ಕಾಯಿಸುವ ಕುಲುಮೆ, ಅಂದರೆ ಕಿಲ್ನ್, ಇದ್ದಲ್ಲೇ ಇದೆ, ಕೆಲಸ ಮಾಡುವವನೂ ಅಲ್ಲೇ ನಿಂತಿದ್ದಾನೆ. ಬದಲಾದದ್ದು ಬಣ್ಣ ಮಾತ್ರ. ಆ ಅಂಕಿಗಳು ಅಳತೆ ಮಾಡಿ ಬಂದವಲ್ಲ, ಅಂದಾಜಿನ ದರ್ಜೆಗಳು. ಯಾವುದನ್ನು ಮೊದಲು ನೋಡಬೇಕು ಎಂದು ಗುರುತಿಸಲು ಅವು ಸಾಕು. ಅಪಾಯ ಕಡಿಮೆಯಾಯಿತು ಎಂದು ಹೇಳಲು ಸಾಲವು.

ಕನ್ವೇಯರ್ ಬೆಲ್ಟಿನಿಂದ ಶುರು ಮಾಡಿ. ನಿಮ್ಮಲ್ಲಿ ಅದಿರು, ಕಲ್ಲಿದ್ದಲು ಎರಡೂ ಬೆಲ್ಟಿನ ಮೇಲೇ ಬರುತ್ತವೆ. ಬೆಲ್ಟಿನ ಪಕ್ಕ ಉದ್ದಕ್ಕೂ ಒಂದು ಹಗ್ಗ ಓಡಿರುತ್ತದೆ, ಪುಲ್ ಕಾರ್ಡ್. ಯಾರದಾದರೂ ಕೈಯೋ ಬಟ್ಟೆಯೋ ರೋಲರಿಗೆ ಸಿಕ್ಕರೆ ಹತ್ತಿರದವರು ಅದನ್ನು ಎಳೆಯಬೇಕು, ಬೆಲ್ಟು ನಿಲ್ಲಬೇಕು, ಸ್ವಿಚ್ಚನ್ನು ಕೈಯಿಂದ ಮರಳಿ ಮೊದಲಿನ ಸ್ಥಿತಿಗೆ ತರುವವರೆಗೆ ಮತ್ತೆ ಹೊರಡಬಾರದು. ಪಟ್ಟಿಯಲ್ಲಿ ‘ಪುಲ್ ಕಾರ್ಡ್ ಅಳವಡಿಸಲಾಗಿದೆ’ ಎಂದಿರುತ್ತದೆ. ನಾನು ಕೆಲಸ ಮಾಡಿದ ಒಂದು ಘಟಕದಲ್ಲಿ ಹಗ್ಗ ಎಳೆದು ನೋಡೋಣವೆಂದು ಕೈ ಹಾಕಿದಾಗ ಅಲ್ಲಿದ್ದ ಗುತ್ತಿಗೆ ಕಾರ್ಮಿಕ ಓಡಿಬಂದು, “ಸರ್, ಎಳೆಯಬೇಡಿ, ಬೆಲ್ಟ್ ನಿಂತರೆ ನಮ್ಮನ್ನು ಬೈಯುತ್ತಾರೆ” ಎಂದ. ಎಳೆದೆ. ಬೆಲ್ಟು ನಿಲ್ಲಲಿಲ್ಲ. ಹಗ್ಗ ಜೋಲು ಬಿದ್ದಿತ್ತು, ಸ್ವಿಚ್ಚಿನ ಲಿವರಿನ ಮೇಲೆ ಅದಿರಿನ ಕೆಂಪು ದೂಳು ಮಳೆಗೆ ನೆನೆದು ಒಣಗಿ ಗಾರೆಯಂತೆ ಗಟ್ಟಿಯಾಗಿತ್ತು. ಮುಂದಿನ ಸ್ವಿಚ್ಚಿಗೆ ಪ್ಯಾನೆಲ್‌ನಲ್ಲೇ ತುಂಡು ತಂತಿ ಹಾಕಿ ಜಂಪರ್ ಮಾಡಿದ್ದರು, ಅಂದರೆ ಹಗ್ಗ ಎಳೆದರೂ ಬೆಲ್ಟು ನಿಲ್ಲದಂತೆ ಮಾಡಿದ್ದರು.

ಸ್ವಿಚ್ಚು ಕೆಟ್ಟದ್ದಕ್ಕಿಂತ ಆ ಕಾರ್ಮಿಕನ ಮಾತೇ ನನ್ನನ್ನು ಹೆಚ್ಚು ಕಾಡಿತು. ಸ್ವಿಚ್ಚನ್ನು ಒಂದು ಪಾಳಿಯೊಳಗೆ ಸರಿಮಾಡಬಹುದು. ಹಗ್ಗ ಎಳೆದರೆ ಬೈಗುಳ ಖಚಿತ ಎಂದು ತಿಳಿದವನು ಪಕ್ಕದವನ ಕೈ ಸಿಕ್ಕಾಗಲೂ ಒಂದು ಕ್ಷಣ ಹಿಂಜರಿಯುತ್ತಾನೆ, ಆ ಒಂದು ಕ್ಷಣದಲ್ಲಿ ಕೈ ಹೋಗಿರುತ್ತದೆ. ನೀವು ಪರೀಕ್ಷೆ ಮಾಡುವಾಗ ಕಂಟ್ರೋಲ್ ರೂಮಿಗೆ ತಿಳಿಸಿ, ಬೆಲ್ಟಿನ ಮೇಲೆ ಮಾಲು ಖಾಲಿಯಾದ ಹೊತ್ತು ನೋಡಿ ಮಾಡಿ. ತುಂಬಿದ ಬೆಲ್ಟನ್ನು ಮತ್ತೆ ಹೊರಡಿಸುವುದು ಕಷ್ಟ. ಹಗ್ಗವನ್ನು ಎಳೆಯುವವರು ಮಾತ್ರ ಅಲ್ಲಿನ ಕಾರ್ಮಿಕರೇ ಆಗಿರಲಿ.

ದೊಡ್ಡ ಉದಾಹರಣೆ ನಮ್ಮ ಕಣ್ಣೆದುರೇ ಇದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ (ಅಣೆಕಟ್ಟೆಯ ಮೇಲ್ಭಾಗದಲ್ಲಿ ನೀರು ಬಿಡುವ ಬಾಗಿಲಿನ) ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಇರುವ 33 ಗೇಟುಗಳಲ್ಲಿ ಹೋದದ್ದು ಒಂದು. ಅದರಿಂದಲೇ ಸುಮಾರು 35 ಸಾವಿರ ಕ್ಯುಸೆಕ್ ನೀರು ನುಗ್ಗಿತು. ಜಲಾಶಯ ಭರ್ತಿಯಾಗಿದ್ದರಿಂದ ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆದು, ಕಷ್ಟಪಟ್ಟು ತುಂಬಿದ್ದ ನೀರನ್ನು ನದಿಗೆ ಬಿಡಬೇಕಾಯಿತು. ಅಣೆಕಟ್ಟೆ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ತಾತ್ಕಾಲಿಕ ಸ್ಟಾಪ್‌ಲಾಗ್ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ಒಂದು ವಾರದೊಳಗೆ ನೀರು ತಡೆದರು. ಅಂಥ ಕೆಲಸ ಮಾಡಿದವರಿಗೆ ಕೈಮುಗಿಯಬೇಕು. ಆದರೆ ಆ ತುಂಡುಗಳನ್ನು ಗೇಟು ಹೋದ ಮೇಲೆ ಕಾರ್ಖಾನೆಗಳಲ್ಲಿ ಹಗಲುರಾತ್ರಿ ಕೂತು ತಯಾರಿಸಬೇಕಾಯಿತು ಎಂಬುದನ್ನು ನಮ್ಮ ವೃತ್ತಿಯವರು ಮರೆಯಬಾರದು. 2025ರ ಮುಂಗಾರಿನಲ್ಲಿ ಸುಮಾರು 105 ಟಿಎಂಸಿ ಹಿಡಿಯುವ ಜಲಾಶಯದಲ್ಲಿ 80 ಟಿಎಂಸಿಗಷ್ಟೇ ನೀರು ನಿಲ್ಲಿಸಿದರು. ಒಂದು ಸರಪಳಿಯ ಬೆಲೆಯನ್ನು ಗಂಗಾವತಿ, ಸಿಂಧನೂರಿನ ಭತ್ತದ ಗದ್ದೆಗಳು ಹೊತ್ತವು.

ಇದನ್ನು ನಿಮ್ಮ ಕಾರ್ಖಾನೆಗೆ ತಂದು ನೋಡಿ. ಯಾವ ಒಂದು ಭಾಗ ಮುರಿದರೆ ತಡೆಯಲು ಎರಡನೆಯದು ಇಲ್ಲ? ಕ್ರೇನಿನ ಬ್ರೇಕೇ, ಬಾಯ್ಲರಿನ ಸೇಫ್ಟಿ ವಾಲ್ವೇ? ಮುರಿದ ಮೇಲೆ ಬೇಕಾಗುವ ಸಾಮಾನು ಇಂದೇ ಸ್ಟೋರಿನಲ್ಲಿದೆಯೇ, ಅದನ್ನು ಜೋಡಿಸಲು ಬಲ್ಲವರು ರಾತ್ರಿ ಪಾಳಿಯಲ್ಲಿ ಇದ್ದಾರೆಯೇ? ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ನಮ್ಮ ಅಪಘಾತ ವರದಿಗಳ ‘ಮುಂದಿನ ಕ್ರಮ’ ಕಾಲಂಗೆ ಎಷ್ಟೋ ಬಾರಿ ಒಪ್ಪುತ್ತದೆ.

ಇನ್ನು ವರ್ಕ್ ಪರ್ಮಿಟ್, ಅಂದರೆ ಅಪಾಯದ ಕೆಲಸ ಶುರು ಮಾಡುವ ಮೊದಲು ಪಡೆಯುವ ಲಿಖಿತ ಅನುಮತಿ. 1988ರ ಜುಲೈ 6ರಂದು ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲ ವೇದಿಕೆಯಲ್ಲಿ 167 ಜನ ಸತ್ತರು. ದುರಸ್ತಿಗೆಂದು ಒಂದು ಪಂಪಿನ ಸೇಫ್ಟಿ ವಾಲ್ವ್ ಬಿಚ್ಚಿ, ಪೈಪಿನ ಬಾಯಿಗೆ ಬ್ಲೈಂಡ್ ಫ್ಲ್ಯಾಂಜ್ ಎಂಬ ಮುಚ್ಚಳ ತಟ್ಟೆ ಇಟ್ಟಿದ್ದರು. ಆ ಸಂಗತಿ ರಾತ್ರಿ ಪಾಳಿಯವರಿಗೆ ತಿಳಿಯಲಿಲ್ಲ. ಇನ್ನೊಂದು ಪಂಪು ನಿಂತಾಗ ಇದನ್ನು ಚಾಲೂ ಮಾಡಿದರು, ಅನಿಲ ಸೋರಿ ಸ್ಫೋಟವಾಯಿತು. ಬೆಂಕಿ ಆರಿಸುವ ಪಂಪುಗಳಾದರೂ ತಾವಾಗಿ ಶುರುವಾಗಬೇಕಿತ್ತಲ್ಲ? ನೀರಿನಡಿ ಮುಳುಗುಗಾರರು ಕೆಲಸ ಮಾಡುತ್ತಾರೆಂದು ಅವುಗಳನ್ನು ಕೈಯಿಂದ ಚಾಲನೆ ಮಾಡುವ ಸ್ಥಿತಿಯಲ್ಲಿ ಇಟ್ಟಿದ್ದರು. ಅಲ್ಲಿಯೂ ಪರ್ಮಿಟ್ ಪದ್ಧತಿ ಇತ್ತು, ಸಹಿಗಳಿದ್ದವು. ಪಾಳಿ ಬದಲಾಗುವಾಗ ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ಮಾತು ದಾಟಲಿಲ್ಲ. ನಿಮ್ಮಲ್ಲಿ ಪಾಳಿ ಬದಲಾಗುವ ಹೊತ್ತಿಗೆ ಹೋಗಿ ನಿಂತು ಕೇಳಿಸಿಕೊಳ್ಳಿ. ತೆರೆದಿರುವ ಪರ್ಮಿಟ್‌ಗಳ ಬಗ್ಗೆ ಒಂದಾದರೂ ಮಾತು ಬರುತ್ತದೆಯೇ? ಕಾರ್ಮಿಕರಲ್ಲಿ ಅರ್ಧ ಜನ ಬಿಹಾರ, ಒಡಿಶಾ ಕಡೆಯವರಾಗಿದ್ದು ಪರ್ಮಿಟ್ ಇಂಗ್ಲಿಷಿನಲ್ಲಿದ್ದರೆ ಅವರ ಸಹಿಗೆ ಏನೂ ಅರ್ಥವಿಲ್ಲ. ಕೆಲಸದ ಜಾಗದಲ್ಲೇ ನಿಂತು ಅವರ ಭಾಷೆಯಲ್ಲಿ ಹೇಳಿ, ಅವರ ಬಾಯಿಂದ ಮರಳಿ ಕೇಳಿ.

ಶಟ್‌ಡೌನಿನಲ್ಲಿ ಕಿಲ್ನ್ ಒಳಗೆ ಇಳಿಯುವ ಕೆಲಸವನ್ನು ಬೇರೆಲ್ಲಕ್ಕಿಂತ ಮೇಲಿಡಿ. ಒಳಗೋಡೆಗೆ ಅಂಟಿ ಗಟ್ಟಿಯಾದ ಮಾಲು, ಅಂದರೆ ಅಕ್ರಿಷನ್, ಮೇಲಿನಿಂದ ಕಳಚಿ ಬೀಳಬಹುದು, ಕಾರ್ಬನ್ ಮೊನಾಕ್ಸೈಡ್ ಉಳಿದಿರಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಲವಾಗಿ ಅಂಟುತ್ತದೆ. ಎಂಟು ಗಂಟೆಯ ಕೆಲಸಕ್ಕೆ ನಮ್ಮ ಕಾರ್ಖಾನೆಗಳ ಕಾಯ್ದೆ ಹಾಕಿದ್ದ ಮಿತಿ 50 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 50 ಭಾಗ. ಮುಚ್ಚಿದ ಜಾಗದಲ್ಲಿ ಒಬ್ಬ ಬಿದ್ದರೆ ಅವನನ್ನು ಎತ್ತಲು ಇಳಿದವರೂ ಸಾಯುವುದು ಮತ್ತೆ ಮತ್ತೆ ನಡೆದಿದೆ, ನೆರವಿಗೆ ಓಡುವ ಒಳ್ಳೆಯತನವೇ ಅವರನ್ನು ಕೊಲ್ಲುತ್ತದೆ. 1948ರ ಕಾರ್ಖಾನೆಗಳ ಕಾಯ್ದೆಯ 36ನೇ ಕಲಂ ಬರೆದವರಿಗೆ ಇದು ತಿಳಿದಿತ್ತು. ಅರ್ಹ ವ್ಯಕ್ತಿ ತಾನೇ ಪರೀಕ್ಷಿಸಿ ಬರಹದಲ್ಲಿ ಪ್ರಮಾಣಪತ್ರ ಕೊಡಬೇಕು. ಇಲ್ಲವೇ ಒಳಗೆ ಹೋಗುವವರು ಉಸಿರಾಟದ ಉಪಕರಣ ಧರಿಸಿ, ಸೊಂಟದ ಪಟ್ಟಿಗೆ ಕಟ್ಟಿದ ಹಗ್ಗದ ಇನ್ನೊಂದು ತುದಿಯನ್ನು ಹೊರಗೆ ಒಬ್ಬರು ಹಿಡಿದಿರಬೇಕು ಎಂದು ಅದು ಹೇಳಿತು. ‘ತಾನೇ ಪರೀಕ್ಷಿಸಿ’ ಎಂಬಲ್ಲಿಗೆ ಗೆರೆ ಎಳೆಯಿರಿ. ಆ ಕಾಯ್ದೆಯ ಜಾಗಕ್ಕೆ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಬಂದ ಮೇಲೂ ಅದರ ತಿರುಳು ಹಳತಾಗಿಲ್ಲ. ಗ್ಯಾಸ್ ಡಿಟೆಕ್ಟರ್ ಸೊನ್ನೆ ತೋರಿಸಿದರೆ ಗ್ಯಾಸ್ ಇಲ್ಲವೋ, ಸೆನ್ಸರ್ ಸತ್ತಿದೆಯೋ? ಒಳಗೆ ಕಳುಹಿಸುವ ಮುನ್ನ ತಿಳಿದ ಪ್ರಮಾಣದ ಗ್ಯಾಸ್ ಹಾಯಿಸಿ ಬಂಪ್ ಟೆಸ್ಟ್ ಮಾಡಿದರೆ ಮಾತ್ರ ಅದು ಗೊತ್ತಾಗುತ್ತದೆ.

ಬೇರೆಡೆಯಿಂದ ನಕಲು ಮಾಡಿದ ಪಟ್ಟಿಯಾದರೆ ಬಿಸಿಲನ್ನು ಬಿಟ್ಟಿರುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿ, ರಾಯಚೂರಿನ ತಾಪ 40 ಡಿಗ್ರಿ ದಾಟುತ್ತದೆ. ಕಿಲ್ನ್ ಪಕ್ಕದ ಶಾಖ ಅದರ ಮೇಲೆ. ತಲೆ ಸುತ್ತಿ ಎತ್ತರದಿಂದ ಬಿದ್ದವನ ವರದಿಯಲ್ಲಿ ‘ಅಜಾಗರೂಕತೆ’ ಎಂದು ಬರೆಯಲು ಬಿಡಬೇಡಿ. ನೀರು, ನೆರಳು, ಕೆಲಸದ ವೇಳೆ ಇವೂ ನಿಯಂತ್ರಣ ಕ್ರಮಗಳೇ.

ಮೇಲಿನವರು ಕೇಳುವುದಿಲ್ಲ ಎಂಬ ಅಳುಕು ನಿಮ್ಮ ಪ್ರಶ್ನೆಯಲ್ಲಿ ಕಾಣುತ್ತದೆ. ಇಡೀ ಪಟ್ಟಿ ಹಿಡಿದು ಹೋದರೆ ಯಾರೂ ಕೇಳುವುದಿಲ್ಲ. ಜೀವ ತೆಗೆಯಬಲ್ಲ ನಾಲ್ಕೈದು ಕೆಲಸಗಳನ್ನು ಆರಿಸಿಕೊಳ್ಳಿ. ಪ್ರತಿ ವಾರ ಒಂದು ಕ್ರಮವನ್ನು ನೀವೇ ಪರೀಕ್ಷಿಸಿ, ದಿನಾಂಕ ಹಾಕಿ, ಫೋಟೊ ತೆಗೆದು, ಘಟಕದ ಮುಖ್ಯಸ್ಥರನ್ನು ಒಮ್ಮೆ ಸ್ಥಳಕ್ಕೇ ಕರೆದೊಯ್ಯಿರಿ. ನಿಲ್ಲದ ಬೆಲ್ಟನ್ನು ಕಣ್ಣಾರೆ ಕಂಡವರು ಸಾಮಾನ್ಯವಾಗಿ ಖರ್ಚಿನ ಮಾತು ಎತ್ತುವುದಿಲ್ಲ. ಎತ್ತಿದರೆ ಬರಹದಲ್ಲಿ ಕೊಡಿ, ಪ್ರತಿ ಇಟ್ಟುಕೊಳ್ಳಿ.

ನೆಬೋಶ್ ಬ್ರಿಟನ್ನಿನ ಸಂಸ್ಥೆಯ ಪರೀಕ್ಷೆ. ಕೊಲ್ಲಿ ದೇಶಗಳಿಗೆ ಹೋಗುವ ಮನಸ್ಸಿದ್ದರೆ ಉಪಯೋಗಕ್ಕೆ ಬರುತ್ತದೆ. ಇಲ್ಲಿ ಕಾನೂನು ಒಪ್ಪುವ ಸುರಕ್ಷತಾ ಅಧಿಕಾರಿಯಾಗಲು ರಾಜ್ಯ ಸರ್ಕಾರ ಮಾನ್ಯ ಮಾಡಿದ ಕೈಗಾರಿಕಾ ಸುರಕ್ಷತಾ ಡಿಪ್ಲೊಮಾ ಬೇಕು. ಚೆನ್ನೈನ ಪ್ರಾದೇಶಿಕ ಕಾರ್ಮಿಕ ಸಂಸ್ಥೆಯಲ್ಲಿ ಒಂದು ವರ್ಷದ ಕೋರ್ಸ್ ಇದೆ, ವಿಚಾರಿಸಿ. ಅದಕ್ಕೂ ಮೊದಲು ಈ ವಾರವೇ ಪುಲ್ ಕಾರ್ಡ್ ಎಳೆದು ನೋಡಿ. ಏನಾಯಿತೆಂದು ಇಲ್ಲಿ ಬರೆದರೆ ಮುಂದಿನದನ್ನು ಹೇಳುತ್ತೇನೆ.