ಹಳಿ ಏರಿಸಬೇಡಿ, ನೆಲ ಇಳಿಸಿ: ಮೇಷ್ಟ್ರ ಎಡಕುಮೇರಿ ಲೇಔಟ್‌ಗೆ ಉತ್ತರ

ಮೇಷ್ಟ್ರೇ, ನಮ್ಮ ಮಾಡೆಲ್ ರೈಲು ಗುಂಪಿನಲ್ಲಿ ನೀವು ಹಾಕಿದ, ಸಕಲೇಶಪುರ ಘಾಟಿಯ ಎಡಕುಮೇರಿ ಸ್ಟೇಷನ್ನಿನ ಲೇಔಟ್‌ (ಹಲಗೆ ಮೇಲಿನ ಪುಟ್ಟ ರೈಲುದಾರಿ) ಫೋಟೋ ಆರೂ ನೋಡಿದೆ. ಸ್ಟೇಷನ್ ಬೋರ್ಡು ಕಂಡ ಕೂಡಲೇ ಖುಷಿಯಾಯ್ತು. ಹಳದಿ ಮೇಲೆ ಕಪ್ಪಕ್ಷರ, ಮೇಲೆ ಕನ್ನಡ, ಆಮೇಲೆ ಹಿಂದಿ, ಕೆಳಗೆ ಇಂಗ್ಲಿಷು, ಕ್ರಮ ಸರಿಯಾಗಿದೆ. ಈ ವಾರ ಶಿವಮೊಗ್ಗದ ಅಕ್ಕ ಕಾಫಿ ತಟ್ಟೆಯಷ್ಟಗಲದಲ್ಲಿ ಎನ್ ಸ್ಕೇಲ್ (ನಮ್ಮದಕ್ಕಿಂತ ಚಿಕ್ಕ ಅಳತೆ) ಸುತ್ತು ತೋರಿಸಿದ್ರು, ಹುಬ್ಬಳ್ಳಿಯವರು ಸಿಗ್ನಲ್ ಕಂಬ ತೋರಿಸಿದ್ರು. ಅವೆರಡಕ್ಕೂ ಶಹಬ್ಬಾಸ್ ಅಂದ್ರೆ ಸಾಕು. ನಿಮ್ಮದಕ್ಕೆ ಉದ್ದ ಉತ್ತರ ಬೇಕು, ಯಾಕಂದ್ರೆ ನೀವು ಕೇಳಿರೋ ನಾಲ್ಕು ಪ್ರಶ್ನೆಗೂ ಬೇರು ಹೆಚ್ಚೂಕಮ್ಮಿ ಒಂದೇ ಕಡೆ ಇದೆ.

ನೀವು ಬರೆದಿದ್ದನ್ನ ಒಮ್ಮೆ ಹೇಳಿಬಿಡ್ತೀನಿ, ತಪ್ಪಿದ್ರೆ ತಿದ್ದಿ. 8×4 ಅಡಿ ಪ್ಲೈವುಡ್, ಎಚ್‌ಒ ಸ್ಕೇಲ್ (ನಿಜದ 87ನೇ ಒಂದು ಭಾಗದಳತೆ), 18 ಇಂಚು ತ್ರಿಜ್ಯದ ತಿರುವು. ಹಳಿ ಇಂಗ್ಲಿಷ್ 8ರ ಆಕಾರದಲ್ಲಿ ಹೋಗಿ, 2 ಮೀಟರ್ ಓಟದಲ್ಲಿ 9 ಸೆಂ.ಮೀ. ಏರಿ, ತನ್ನ ಮೇಲೇ ಸೇತುವೆ ಹಾಕ್ಕೊಂಡು ದಾಟುತ್ತೆ. ಡಬ್ಲ್ಯುಡಿಜಿ-4 ಅನ್ನೋ ಡೀಸೆಲ್ ಗೂಡ್ಸ್ ಎಂಜಿನ್ನಿನ ಮೈ ನೀವೇ ಪ್ರಿಂಟ್ ಮಾಡಿ ಅಮೆರಿಕನ್ ಮಾಡೆಲ್‌ನ ಚಾಸಿಸ್ ಮೇಲೆ ಕೂರಿಸಿದ್ದೀರಿ. ಎಂಟು ಬಾಕ್ಸ್‌ಎನ್ (ತೆರೆದ ಗೂಡ್ಸ್) ವ್ಯಾಗನ್ ಕಟ್ಟಿದ್ರೆ ಏರಿನಲ್ಲಿ ಚಕ್ರ ಸುಮ್ನೆ ತಿರುಗುತ್ತೆ. ಎಲ್‌ಎಚ್‌ಬಿ (ಹೊಸ ಮಾದರಿಯ ಉದ್ದದ ಪ್ರಯಾಣಿಕರ) ಬೋಗಿ ಕಟ್ಟಿದ್ರೆ ತಿರುವಿನಲ್ಲಿ ಕೆಳಗೆ ಬೀಳುತ್ತೆ. ದೂರದ ಮೂಲೆಯಲ್ಲಿ ಎಂಜಿನ್ ತೆವಳುತ್ತೆ. ಮಳೆಗಾಲ ಶುರುವಾದ್ಮೇಲೆ ಒಂದು ಕಡೆ ಹಳಿ ಹಾವಿನ ಹಾಗೆ ಸೊಟ್ಟಗಾಗಿದೆ.

ಮೊದಲು ಏರಿನ ಲೆಕ್ಕ. 2 ಮೀಟರಿಗೆ 9 ಸೆಂ.ಮೀ. ಅಂದ್ರೆ ನೂರಕ್ಕೆ ನಾಲ್ಕೂವರೆ, ಅಂದ್ರೆ 1:22. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆವರೆಗಿನ ನಿಜವಾದ ಘಾಟಿಯೇ 1:50, ಅದಕ್ಕೇ ಅಲ್ಲಿ ಹಿಂದೆ ಬ್ಯಾಂಕರ್ ಎಂಜಿನ್ ಹಚ್ಚಿ ನೂಕಬೇಕು. ನಿಮ್ಮ ಏರು ಅದರ ಎರಡರಷ್ಟಕ್ಕಿಂತ ಜಾಸ್ತಿ. ಇಷ್ಟಕ್ಕೇ ಮುಗೀಲಿಲ್ಲ, ಏರು ಇರೋದು ತಿರುವಿನ ಮೇಲೆ. ತಿರುವಿನಲ್ಲಿ ಚಕ್ರದ ಅಂಚು ಹಳಿಗೆ ಉಜ್ಜಿ ಇನ್ನಷ್ಟು ತಡೆಯುತ್ತೆ. ನಿಜವಾದ ರೈಲ್ವೆಯವರು ಬ್ರಾಡ್‌ಗೇಜ್ ಏರಿನಲ್ಲಿ ತಿರುವು ಬಂದರೆ ಪ್ರತಿ ಡಿಗ್ರಿ ತಿರುವಿಗೆ ಶೇ. 0.04 ರಷ್ಟು ಏರನ್ನೇ ಕಡಿಮೆ ಮಾಡ್ತಾರೆ. ಮಾಡೆಲ್ ಮಾಡುವವರ ಅಂದಾಜು ಇನ್ನೂ ಸುಲಭ: 32ನ್ನು ಇಂಚಿನ ತ್ರಿಜ್ಯದಿಂದ ಭಾಗಿಸಿ, ಬಂದಷ್ಟು ಶೇಕಡಾ ಏರಿಗೆ ಸೇರಿಸಿ. 32 ಭಾಗಿಸು 18, ಸುಮಾರು 1.8. ಅಂದ್ರೆ ಪಾಪ ನಿಮ್ಮ ಎಂಜಿನ್ನಿಗೆ ಆಗ್ತಿರೋ ಅನುಭವ ಶೇ. 6.3, ಅಂದ್ರೆ 1:16. ಅದು ಹತ್ತಿಲ್ಲ ಅಂತ ಬೈಯ್ಯಬೇಡಿ.

ಹಾಗಾದ್ರೆ ಏರನ್ನ 1:50ಕ್ಕೆ ಇಳಿಸೋಣ ಅಂದ್ರೆ 9 ಸೆಂ.ಮೀ. ಏರೋಕೆ ನಾಲ್ಕೂವರೆ ಮೀಟರ್ ಬೇಕು, ಇಳಿಯೋಕೆ ಇನ್ನೊಂದು ನಾಲ್ಕೂವರೆ. ನಿಮ್ಮ 8ರ ಆಕಾರದ ಇಡೀ ಸುತ್ತೇ ಅಂದಾಜು 6 ಮೀಟರ್. ಮಧ್ಯೆ ಸ್ಟೇಷನ್ನಿಗೆ ಮಟ್ಟದ ಜಾಗ ಬೇರೆ ಬೇಕು. ಎಷ್ಟು ತಿಪ್ಪರಲಾಗ ಹಾಕಿದ್ರೂ ಆ ಹಲಗೆಯಲ್ಲಿ ಇದು ಆಗೋದಿಲ್ಲ.

ಈಗ ನನ್ನ ಸಲಹೆ. ಹಳಿ ಏರಿಸಬೇಡಿ, ನೆಲ ಇಳಿಸಿ. ಎಡಕುಮೇರಿಯಲ್ಲಿ ನಿಂತ್ಕೊಂಡು ನೋಡಿದಾಗ ನಮಗೆ ಘಾಟಿ ಅನ್ನಿಸೋದು ಹಳಿ ಏರಿರೋದ್ರಿಂದಲ್ಲ. 1:50 ಏರು ಬರಿಗಣ್ಣಿಗೆ ಸರಿಯಾಗಿ ಕಾಣೋದೂ ಇಲ್ಲ. ಒಂದು ಪಕ್ಕ ಗುಡ್ಡ ಎದ್ದಿರುತ್ತೆ, ಇನ್ನೊಂದು ಪಕ್ಕ ನೆಲ ದಡಕ್ಕನೆ ಕೆಳಗೆ ಬಿದ್ದು ಕಾಡಿನಲ್ಲಿ ಮಾಯವಾಗುತ್ತೆ, ಎರಡೂ ತುದಿಯಲ್ಲಿ ಸುರಂಗದ ಬಾಯಿ. ಇದಿಷ್ಟಿದ್ದರೆ ಘಾಟಿ. ಮೇಲಾಗಿ ಸ್ಟೇಷನ್ ಯಾರ್ಡು 1:400ಕ್ಕಿಂತ ಕಡಿದಾಗಿರಬಾರದು ಅನ್ನೋದು ರೈಲ್ವೆಯವರದೇ ಸಾಮಾನ್ಯ ನಿಯಮ. ಸ್ಟೇಷನ್ನೇ ಮಾಡ್ತಿದ್ದೀರಿ ಅಂದ್ಮೇಲೆ ಮಟ್ಟವಾದ ಹಳಿ ಮೋಸವಲ್ಲ.

ಮಾಡೋದು ಹೀಗೆ. ಪ್ಲೈವುಡ್ ಹಲಗೆಯನ್ನ ನೆಲ ಅಂದ್ಕೊಳ್ಳೋದು ಬಿಡಿ, ಅದು ಕಣಿವೆಯ ತಳ. ಅದರ ಮೇಲೆ 12ರಿಂದ 15 ಸೆಂ.ಮೀ. ಎತ್ತರಕ್ಕೆ ಮರದ ಗೂಟ ನಿಲ್ಲಿಸಿ, 12 ಮಿ.ಮೀ. ಪ್ಲೈಯ 10 ಸೆಂ.ಮೀ. ಅಗಲದ ಪಟ್ಟಿಗಳನ್ನ ಹಾಸಿ, ಹಳಿ ಅದರ ಮೇಲೆ. ಸುತ್ತು ಸಾದಾ ಮೊಟ್ಟೆಯಾಕಾರ, ತಿರುವು 22 ಇಂಚು. 4 ಅಡಿ ಅಗಲದಲ್ಲಿ ಅದು ಆಚೀಚೆ ಎರಡೆರಡು ಇಂಚು ಬಿಟ್ಟು ಕೂರುತ್ತೆ. ಅಂಚಿಗೆ ಒಂದು ತಡೆಪಟ್ಟಿ ಇರಲಿ, ಎಂಜಿನ್ ನೆಲಕ್ಕೆ ಬಿದ್ದ ಸದ್ದು ಒಮ್ಮೆ ಕೇಳಿದವರು ಮರೆಯಲ್ಲ. ಎರಡೂ ಕಡೆಯ ತಿರುವು ಗುಡ್ಡದ ಒಳಗೆ, ಸುರಂಗದಲ್ಲಿ ಅಡಗಲಿ. ಮುಂದೆ ಕಾಣೋದು ಎರಡು ಸುರಂಗದ ಬಾಯಿ, ನಡುವೆ ಸ್ಟೇಷನ್ನು, ಒಂದು ಹಳ್ಳ, ಅದರ ಮೇಲೆ ಎತ್ತರದ ಸೇತುವೆ. ಹಿಂದಿನ ನೇರ ಭಾಗ ಗುಡ್ಡದ ಬೆನ್ನಿಗೆ ಮರೆಯಾಗಿರುತ್ತೆ. ಅಲ್ಲಿ ಇನ್ನೆರಡು ಲೈನ್ ಹಾಕಿ ರೈಲು ನಿಲ್ಲಿಸ್ಕೊಳ್ಳಿ. ಒಂದು ರೈಲು ಸುರಂಗಕ್ಕೆ ಹೋಗಿ ಎರಡು ನಿಮಿಷ ಬಿಟ್ಟು ಇನ್ನೊಂದು ರೈಲು ಆಚೆಯಿಂದ ಬಂದ್ರೆ ನೋಡೋರಿಗೆ ಮಂಗಳೂರಿಂದ್ಲೇ ಬಂತು ಅನ್ನಿಸುತ್ತೆ. ಘಾಟಿಯ 55 ಕಿ.ಮೀ.ಯನ್ನ 87ರಿಂದ ಭಾಗಿಸಿದ್ರೂ 630 ಮೀಟರ್ ಮೀರುತ್ತೆ, 57 ಸುರಂಗ ಬೇರೆ. ಅದರಲ್ಲಿ ಎರಡು ಬಾಯಿ ಚೆಂದ ಮಾಡಿದ್ರೆ ನಮ್ಮ ಪಾಲಿನ ಕೆಲಸ ಆಯ್ತು.

ಸುರಂಗದ ಹಿಂಬದಿ ಮುಚ್ಚಬೇಡಿ. ಮೊಣಕೈವರೆಗೆ ಕೈ ಹೋಗೋಷ್ಟು ಜಾಗ ಇರಲೇಬೇಕು. ನಾನು ಮೊದಲ ಲೇಔಟ್‌ನಲ್ಲಿ ಗುಡ್ಡ ಪೂರ್ತಿ ಪ್ಲಾಸ್ಟರ್ ಮಾಡಿ, ಮರ ನೆಟ್ಟು, ಅದೇ ರಾತ್ರಿ ಮೂರು ವ್ಯಾಗನ್ ಒಳಗೆ ಬಿದ್ದು, ಕೊನೆಗೆ ಬಟ್ಟೆ ಹ್ಯಾಂಗರ್ ಬಗ್ಗಿಸಿ ಮೀನು ಹಿಡಿದ ಹಾಗೆ ಎಳೆದಿದ್ದೀನಿ. ಹೊರಬಂದದ್ದು ಎರಡು. ಮೂರನೇದು ಗುಡ್ಡ ಒಡೆದಾಗ ಸಿಕ್ತು.

ಈಗ ಎಲ್‌ಎಚ್‌ಬಿ. ನಿಜವಾದ ಬೋಗಿಯ ಮೈ 23.5 ಮೀಟರ್ ಚಿಲ್ಲರೆ, ಎಚ್‌ಒದಲ್ಲಿ 27 ಸೆಂ.ಮೀ. ತಿರುವಿನ ತ್ರಿಜ್ಯ ಬೋಗಿ ಉದ್ದದ ಮೂರರಷ್ಟಿದ್ದರೆ ನೆಮ್ಮದಿ, ಎರಡರಷ್ಟಿದ್ದರೆ ದೇವರೇ ಗತಿ. 18 ಇಂಚು ಅಂದ್ರೆ 46 ಸೆಂ.ಮೀ., ಎರಡರಷ್ಟೂ ಇಲ್ಲ. 22 ಇಂಚಿಗೆ ಬಂದ್ರೆ 56, ಎರಡರ ಗಡಿ ದಾಟಿತು, ಅಷ್ಟೇ. ಕಪ್ಲಿಂಗನ್ನ ಬೋಗಿಯ ಮೈಗಲ್ಲದೆ ಟ್ರಕ್ಕಿಗೆ (ಚಕ್ರ ಕೂತಿರೋ ಚೌಕಟ್ಟಿಗೆ) ಕೂರಿಸಿದ್ರೆ ಓಡಬಹುದು, ಆದ್ರೆ ಬೋಗಿ ಬೋಗಿ ನಡುವೆ ಹಲ್ಲು ಬಿದ್ದ ಬಾಯಿಯಂತೆ ಸಂದು ಕಾಣುತ್ತೆ. ನನ್ನ ಮಾತು ಕೇಳೋದಾದ್ರೆ ಈ ಹಲಗೆ ಮೇಲೆ ಗೂಡ್ಸ್ ಓಡಿಸಿ. ಬಾಕ್ಸ್‌ಎನ್ ಬರೇ 12.3 ಸೆಂ.ಮೀ., ಯಾವ ತಿರುವಿಗೂ ಅಂಜಲ್ಲ. ಬ್ರಾಡ್‌ಗೇಜ್ ಆದ್ಮೇಲೆ ಆ ಘಾಟಿಯಲ್ಲಿ ಮೊದಲು ಓಡಿದ್ದೂ ಗೂಡ್ಸೇ, 2006ರಲ್ಲಿ. ಪ್ಯಾಸೆಂಜರ್ ಬಂದದ್ದು 2007ರ ಡಿಸೆಂಬರಿನಲ್ಲಿ. ಪ್ರಯಾಣಿಕರ ರೈಲು ಬೇಕೇ ಬೇಕು ಅಂದ್ರೆ ನೀಲಿ ಐಸಿಎಫ್ (ಹಳೇ ಮಾದರಿಯ) ಬೋಗಿ ನಾಲ್ಕು, ಅವು ಎರಡೂವರೆ ಸೆಂ.ಮೀ. ಗಿಡ್ಡ.

ವ್ಯಾಗನ್ ತೂಕವನ್ನೂ ನೋಡಿ. ಎಚ್‌ಒಗೆ ಅಮೆರಿಕದ ಮಾಡೆಲ್ ರೈಲು ಸಂಘ ಎನ್‌ಎಂಆರ್‌ಎ ಹೇಳೋದು 28 ಗ್ರಾಂ, ಜೊತೆಗೆ ಪ್ರತಿ ಇಂಚು ಉದ್ದಕ್ಕೆ 14 ಗ್ರಾಂ. ಬಾಕ್ಸ್‌ಎನ್‌ಗೆ 95 ಗ್ರಾಂ ಆಸುಪಾಸು. ಪ್ರಿಂಟ್ ಮಾಡಿದ ವ್ಯಾಗನ್ ಅಷ್ಟು ತೂಗಲ್ಲ. ಟೈರ್ ಅಂಗಡಿಯಲ್ಲಿ ವೀಲ್ ಬ್ಯಾಲೆನ್ಸಿಂಗ್‌ಗೆ ಅಂಟಿಸೋ ತೂಕದ ಪಟ್ಟಿ ಕೇಳಿ, ಹಿಂದೆ ಅಂಟು ಇರುತ್ತೆ, 5 ಗ್ರಾಂ ತುಂಡು ತುಂಡಾಗಿ ಬರುತ್ತೆ. ಅದನ್ನೇ ಎಂಜಿನ್ ಒಳಗೂ ಎರಡೂ ಟ್ರಕ್ಕಿನ ನೇರ ಮೇಲೆ ಸಮವಾಗಿ ಹಾಕಿ. ಮೂಲ ಮಾಡೆಲ್‌ನಲ್ಲಿದ್ದ ತೂಕದ ಗಟ್ಟಿಯನ್ನ ನೀವು ಮೈ ಕೂರಿಸೋಕೆ ತೆಗೆದಿರಬೇಕು ಅಂತ ಮೂರನೇ ಫೋಟೋ ನೋಡಿದ್ರೆ ಅನ್ನಿಸುತ್ತೆ. ಎಳೆಯೋ ಶಕ್ತಿ ಮೋಟಾರಿನದಷ್ಟೇ ಅಲ್ಲ, ಹಳಿ ಮೇಲೆ ಕೂತ ತೂಕದ್ದು. ಚಕ್ರದ ಒಳ ಅಂತರ ವರ್ನಿಯರ್‌ನಲ್ಲಿ ಅಳೆಯಿರಿ, 14.4ರಿಂದ 14.5 ಮಿ.ಮೀ. ಒಳಗಿರಬೇಕು. ಪಾಯಿಂಟ್ಸ್ (ಹಳಿ ಕವಲೊಡೆಯೋ ಜಾಗ) ಮೇಲೆ ಹಾರೋ ವ್ಯಾಗನ್‌ಗಳಲ್ಲಿ ಅರ್ಧಕ್ಕರ್ಧದ ಕಾಯಿಲೆ ಇದೇ.

ದೂರದ ಮೂಲೆಯಲ್ಲಿ ತೆವಳೋದು ಕರೆಂಟಿನ ವಿಷಯ. ನೀವು ಎರಡೇ ತಂತಿ ಕೊಟ್ಟು ಉಳಿದದ್ದನ್ನ ಹಳಿ ತುಂಡು ಜೋಡಿಸೋ ಜಾಯ್ನರ್‌ಗಳ ಮೇಲೆ ಬಿಟ್ಟಿದ್ದೀರಿ. ಜಾಯ್ನರ್ ಹಳಿಯನ್ನ ನೇರ ಹಿಡಿಯೋಕೆ ಇರೋದು, ಕರೆಂಟು ಸಾಗಿಸೋಕೆ ನಂಬಬಾರದು. ಹಲಗೆ ಕೆಳಗೆ ಮನೆ ವೈರಿಂಗ್‌ನ 1.5 ಚದರ ಮಿ.ಮೀ. ಕೆಂಪು, ಕಪ್ಪು ತಂತಿ ಸುತ್ತಲೂ ಎಳೆದು, ಪ್ರತಿ ಉದ್ದ ಹಳಿಗೂ ಒಂದು ಜೊತೆ ಸಣ್ಣ ತಂತಿ ಬೆಸುಗೆ ಹಾಕಿ. ಪರೀಕ್ಷೆಗೆ ಬೈಕ್ ಇಂಡಿಕೇಟರ್‌ನ 12 ವೋಲ್ಟ್ 10 ವಾಟ್ ಬಲ್ಬ್ ತಗೊಳ್ಳಿ. ಕಂಟ್ರೋಲರ್ ಪೂರ್ತಿ ತಿರುಗಿಸಿ, ಹತ್ತಿರದ ಹಳಿಗೆ ಒಮ್ಮೆ, ದೂರದ ಮೂಲೆಗೆ ಒಮ್ಮೆ ತಾಗಿಸಿ. ಬೆಳಕು ಮಂಕಾದ್ರೆ ತಂತಿ ಸಾಲ್ದು. ಬರಿ ಮಲ್ಟಿಮೀಟರ್ ಇಟ್ಟರೆ ಲೋಡ್ ಇಲ್ಲದೆ ಎಲ್ಲಾ ಕಡೆ 12 ತೋರಿಸಿ ದಾರಿ ತಪ್ಪಿಸುತ್ತೆ. ಹಳಿ ಒರೆಸೋಕೆ ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಹತ್ತಿ ಬಟ್ಟೆ. ಎಮರಿ ಪೇಪರ್ ಬೇಡವೇ ಬೇಡ, ಗೀರಿನಲ್ಲಿ ಕೊಳೆ ಇನ್ನೂ ಬೇಗ ಕೂರುತ್ತೆ.

ಸೊಟ್ಟಗಾದ ಹಳಿ. ಬಿಸಿಲಿಗೆ ಹಿಗ್ಗಿದೆ ಅಂತ ಒಬ್ಬರು ಬರೆದಿದ್ದಾರೆ, ನನಗೆ ಹಾಗನ್ನಿಸಲ್ಲ. ಮನೆಯೊಳಗೆ ಒಂದು ಮೀಟರ್ ಹಳಿ ಹತ್ತು ಡಿಗ್ರಿಗೆ ಹಿಗ್ಗೋದು ಮಿಲಿಮೀಟರಿನ ಐದನೇ ಒಂದು ಭಾಗವೂ ಇಲ್ಲ. ಅಲುಗಾಡಿದ್ದು ಮರ. ನೀವು ಬೇಸಿಗೆಯಲ್ಲಿ ಹಳಿ ಹಾಕಿದ್ರಿ, ಹಲಗೆಯ ಕೆಳಮುಖಕ್ಕೆ ಬಣ್ಣವಿಲ್ಲ, ಜೂನ್‌ನಲ್ಲಿ ಅದು ತೇವ ಕುಡಿದು ಬಾಗಿದೆ. ನನ್ನದೂ ಪುತ್ತೂರಿನಲ್ಲಿದ್ದಾಗ ಇದೇ ಕಥೆ, ಅದೂ 6 ಮಿ.ಮೀ. ಪ್ಲೈ. ದುಡ್ಡು ಉಳಿಸ್ತೀನಿ ಅಂತ ಹೋಗಿ ಒಂದು ಮಳೆಗಾಲದಲ್ಲಿ ಹಪ್ಪಳ ಮಾಡಿಕೊಂಡೆ. ಹೊಸ ಪಟ್ಟಿಗಳಿಗೆ ಎರಡೂ ಮುಖಕ್ಕೆ, ಕತ್ತರಿಸಿದ ಅಂಚಿಗೂ, ಪ್ರೈಮರ್ ಹೊಡೀರಿ. ಅಂಚಿಗೆ ಎರಡು ಸಲ. ಜಾಯ್ನರ್‌ನಲ್ಲಿ ಅಲ್ಲಲ್ಲಿ ಒಂದು ವಿಸಿಟಿಂಗ್ ಕಾರ್ಡ್ ದಪ್ಪದ ಸಂದು ಬಿಡಿ, ತಿರುವಿನಲ್ಲಿ ಮಾತ್ರ ಬೇಡ.

ಗುಡ್ಡಕ್ಕೆ ಥರ್ಮೊಕೋಲ್ ಅಂತ ಬರೆದಿದ್ದೀರಿ, ನಡೆಯುತ್ತೆ. ಆದ್ರೆ ಸ್ಪ್ರೇ ಪೇಂಟ್, ರಬ್ಬರ್ ಅಂಟು ತಾಗಿಸಿದ್ರೆ ಕಣ್ಣೆದುರಿಗೇ ಕರಗುತ್ತೆ. ಫೆವಿಕಾಲ್, ನೀರಿನ ಬಣ್ಣ ಇಷ್ಟೇ. ಚಹಾ ಚರಟದಿಂದ ನೆಲ ಮಾಡಬಹುದೇ ಅಂತ ಕೇಳಿದ್ರಿ. ನಮ್ಮ ಕಡೆಯ ಹವೆಗೆ ಬೂಸ್ಟು ಹಿಡಿಯುತ್ತೆ, ಇರುವೆ ಬರುತ್ತೆ. ಅದರ ಬದಲು ಘಾಟಿಯದೇ ಕೆಂಪು ಮಣ್ಣು ಒಂದು ಮುಷ್ಟಿ ತಂದು, ಬಾಣಲೆಯಲ್ಲಿ ಚೆನ್ನಾಗಿ ಹುರಿದು, ಬಟ್ಟೆಯಲ್ಲಿ ಜಾಲಿಸಿ. ಜಲ್ಲಿಗೆ ಎಂ-ಸ್ಯಾಂಡ್. ಅದೂ ಒಡೆದ ಕಲ್ಲೇ ಆದ್ರಿಂದ ಬಣ್ಣ, ಮೂಲೆ ಎಲ್ಲಾ ನಿಜದ ಹಾಗೇ. ನಿಜವಾದ ಜಲ್ಲಿಯ ದೊಡ್ಡ ಕಲ್ಲು 65 ಮಿ.ಮೀ., ನಮ್ಮಳತೆಗೆ ಮುಕ್ಕಾಲು ಮಿಲಿಮೀಟರ್. ರವೆ ಜರಡಿಯಲ್ಲಿ ಇಳಿದು ಚಹಾ ಸೋಸುವ ಜಾಲರಿಯಲ್ಲಿ ಉಳಿದದ್ದನ್ನ ತಗೊಳ್ಳಿ. ಮೇಲೊಂದು ಅಯಸ್ಕಾಂತ ಆಡಿಸೋದು ಮರೀಬೇಡಿ, ಕಬ್ಬಿಣದ ಪುಡಿ ಮೋಟಾರಿಗೆ ಹೋದ್ರೆ ಎಂಜಿನ್ ಕಥೆ ಮುಗೀತು. ಹಾಸಿ, ನೀರು ಸಿಂಪಡಿಸಿ, ಆಮೇಲೆ ಒಂದು ಪಾಲು ಫೆವಿಕಾಲ್‌ಗೆ ಮೂರು ಪಾಲು ನೀರು, ಒಂದು ಹನಿ ಪಾತ್ರೆ ತೊಳೆಯೋ ಲಿಕ್ವಿಡ್, ಇಂಕ್ ಫಿಲ್ಲರ್‌ನಲ್ಲಿ ತೊಟ್ಟು ತೊಟ್ಟು. ಪಾಯಿಂಟ್ಸ್ ಹತ್ತಿರ ಕೈ ಹಿಡಿದು.

ಮರ ನೂರಾರು ಬೇಕಲ್ಲ ಅಂತ ಗಾಬರಿ ಬೇಡ. ಘಾಟಿಯ ಕಾಡಿನಲ್ಲಿ ದೂರದಿಂದ ಕಾಂಡ ಎಲ್ಲಿ ಕಾಣುತ್ತೆ? ಬರೀ ತಲೆ. ಮುಂದಿನ ಸಾಲಿಗೆ ಮಾತ್ರ ತಾಮ್ರದ ತಂತಿ ಹೆಣೆದು ಇಪ್ಪತ್ತು ಮರ ಮಾಡಿ. ಹಿಂದಿನದಕ್ಕೆಲ್ಲ ಪಾತ್ರೆ ತಿಕ್ಕೋ ಹಸಿರು ಸ್ಕ್ರಬ್ ಹರಿದು ಅಂಟಿಸಿ, ಮೇಲೆ ಬಣ್ಣದಲ್ಲಿ ಅದ್ದಿ ಒಣಗಿಸಿ ಪುಡಿ ಮಾಡಿದ ಸ್ಪಾಂಜ್ ಉದುರಿಸಿ. ಒಂದೇ ಹಸಿರು ಬೇಡ, ನಾಲ್ಕೈದು ಇರಲಿ, ನಡುನಡುವೆ ಚಿಗುರಿನ ಕೆಂಪು. ಸ್ಪಾಂಜ್ ಪುಡಿಗೆ ಗುಜರಿಯಿಂದ ಹಳೇ ಮಿಕ್ಸಿ ಜಾರ್ ತಂದುಕೊಳ್ಳಿ, ಅಡುಗೆ ಮನೆಯದನ್ನ ಮುಟ್ಟಬೇಡಿ.

ನಿಮ್ಮ ಪೋಸ್ಟ್ ಕೆಳಗೆ ಗೇಜ್ (ಎರಡು ಹಳಿ ನಡುವಿನ ಅಂತರ) ಬಗ್ಗೆ ನಡೆದ ಜಗಳ ತಲೆಗೆ ಹಚ್ಕೋಬೇಡಿ. 1676 ಮಿ.ಮೀ. ಬ್ರಾಡ್‌ಗೇಜ್ ಎಚ್‌ಒದಲ್ಲಿ 19.3 ಆಗಬೇಕು, ನಮ್ಮ ಹಳಿ 16.5, ನಿಜ. ಅಂಗಡಿಯಲ್ಲಿ ಸಿಗೋ ಚಾಸಿಸ್, ಪಾಯಿಂಟ್ಸ್ ಎಲ್ಲಾ 16.5ಕ್ಕೇ ಇರೋದು. ಪಕ್ಕದಿಂದ ನೋಡಿದ್ರೆ ಯಾರಿಗೂ ಗೊತ್ತಾಗಲ್ಲ. ಅಷ್ಟೂ ಬೇಜಾರಿದ್ರೆ 1979ರಲ್ಲಿ ಶುರುವಾದ ಮೀಟರ್‌ಗೇಜ್ ಕಾಲಕ್ಕೆ ಹೋಗಿ ಆಗಿನ ಡೀಸೆಲ್ ಎಂಜಿನ್ ವೈಡಿಎಂ-4 ಮಾಡಿ, 12 ಮಿ.ಮೀ. ಹಳಿ ಹೆಚ್ಚೂಕಮ್ಮಿ ಸರಿಹೋಗುತ್ತೆ. ನಾನಂತೂ ಮುಂದಿನ ಸಲ ಅದನ್ನೇ ಮಾಡೋದು ಅಂತ ಆರು ವರ್ಷದಿಂದ ಹೇಳ್ತಿದ್ದೀನಿ.

ಕೆಲಸದ ಕ್ರಮ ಮಾತ್ರ ತಪ್ಪಿಸಬೇಡಿ. ಪಟ್ಟಿ, ಹಳಿ, ತಂತಿ ಆದ್ಮೇಲೆ ಒಂದು ತಿಂಗಳು ಬರೀ ಓಡಿಸಿ. ಅತಿ ಉದ್ದದ ಬೋಗಿಯ ಮೂಲೆಗೆ ಪೆನ್ಸಿಲ್ ಕಟ್ಟಿ ತಿರುವಿನಲ್ಲಿ ತಳ್ಳಿದ್ರೆ ಸುರಂಗದ ಬಾಯಿ ಎಷ್ಟಗಲ ಬೇಕು ಅಂತ ಗೆರೆ ಎಳೆದು ತೋರಿಸುತ್ತೆ. ಇಡೀ ರೈಲನ್ನ ಹಿಂದಕ್ಕೆ ತಳ್ಳಿಸಿ ಹತ್ತು ಸುತ್ತು ಬೀಳದೆ ಬಂತು ಅಂದ್ಮೇಲೆ ಫೆವಿಕಾಲ್ ಡಬ್ಬಿ ತೆಗೀರಿ. ಪಟ್ಟಿ ಕೂರಿಸಿದ ಹಂತದ ಫೋಟೋ ಒಂದು ಇಲ್ಲಿ ಹಾಕಿ, ಗೂಟದ ಅಂತರ ನೋಡಿ ಹೇಳ್ತೀನಿ.

ಆ ಬಾಗಿದ ಹಳಿ ಎಸೆಯಬೇಡಿ. ಗೇಣುದ್ದ ತುಂಡು ಮಾಡಿ, ತುಕ್ಕು ಬಣ್ಣ ಬಳಿದು, ಪ್ಲಾಟ್‌ಫಾರಂ ಆಚೆ ಹುಲ್ಲಿನಲ್ಲಿ ಪೇರಿಸಿಡಿ. ಯಾವ ಸ್ಟೇಷನ್ನಿಗೆ ಹೋದ್ರೂ ಅಂಥದ್ದೊಂದು ರಾಶಿ ಬಿದ್ದಿರುತ್ತಲ್ಲ.